ನನ್ನ ಪರವಾಗಿ ಮಾತಾಡಿದವರಿಗೆ

ನಮ್ಮ ಹೊಸ ಧಾರಾವಾಹಿಯ ಕಳೆದ ಸೋಮವಾರದ ಕಂತಿನಲ್ಲಿ ನಾನು ಎರಡೂವರೆ ನಿಮಿಷ ಕಾಣಿಸಿಕೊಂಡೆ. ಹನ್ನೊಂದು ಸಾಲು ಮಾತಾಡಿದೆ. ಮಾರನೆಯ ದಿನದಿಂದ ಬರುತ್ತಿರುವ ಸಂದೇಶಗಳಲ್ಲಿ ಅರ್ಧದಷ್ಟು ಒಂದೇ ಮಾತು ಹೇಳುತ್ತಿವೆ: "ಅಮ್ಮ, ನಿಮ್ಮ ದನಿ ಸ್ವಲ್ಪ ಬದಲಾಗಿದೆಯಲ್ಲ?" ಹೌದು, ಬದಲಾಗಿದೆ. ಹಿಂದೆ ನನಗೆ ಅಭಿನಂದನೆ ಬರುತ್ತಿದ್ದದ್ದು ಸೀರೆಗೆ, ಮೂಗುತಿಗೆ, ಹೆಚ್ಚೆಂದರೆ ಕಣ್ಣಿಗೆ. ದನಿಯನ್ನೂ ಇಷ್ಟು ಜನ ಗಮನಿಸುತ್ತಿದ್ದರು ಎಂದು ಅದು ಹೋಗಿ ಬಂದ ಮೇಲೆ ತಿಳಿಯಿತು. ಎಲ್ಲರಿಗೂ ಬೇರೆಬೇರೆಯಾಗಿ ಉತ್ತರ ಬರೆಯುವುದು ಸಾಧ್ಯವಿಲ್ಲ, ಅದಕ್ಕೇ ಇದು.

ನಾನು ಹೆಗ್ಗೋಡಿನ ನೀನಾಸಮ್‌ನಲ್ಲಿ ನಾಟಕ ಕಲಿತವಳು. ಆಮೇಲೆ ಎರಡು ವರ್ಷ ತಿರುಗಾಟದ ತಂಡದಲ್ಲಿ ಊರೂರು ಅಲೆದೆ. ಇವತ್ತು ಸಭಾಂಗಣ, ನಾಳೆ ಶಾಲೆಯ ಮೈದಾನ. ಕೊನೆಯ ಸಾಲಿನಲ್ಲಿ ಕುಳಿತ ಅಜ್ಜನಿಗೂ ಮಾತು ಮುಟ್ಟಬೇಕು, ಅದೂ ಪಿಸುಮಾತಿನ ದೃಶ್ಯದಲ್ಲಿ! ನಟನೆ ಎಷ್ಟು ಬಂತೋ ಗೊತ್ತಿಲ್ಲ, ದನಿಯಂತೂ ಬಂತು. ಬೆಂಗಳೂರಿಗೆ ಬಂದು ಧಾರಾವಾಹಿಗೆ ಸೇರಿದ ಮೊದಲ ದಿನ ನಿರ್ದೇಶಕರು ಕಿವಿ ಮುಚ್ಚಿಕೊಂಡು, "ಮೇಡಂ, ಮೈಕು ನಿಮ್ಮ ಸೆರಗಿನಲ್ಲೇ ಇದೆ, ನಾವೂ ಇಲ್ಲೇ ಇದ್ದೇವೆ" ಎಂದಿದ್ದರು. ಒಂದು ವಾರ ಕಷ್ಟಪಟ್ಟು ದನಿ ತಗ್ಗಿಸುವುದನ್ನು ಕಲಿತೆ. ವಯಸ್ಸಾಗಿ ಅತ್ತೆಯ ಪಾತ್ರಗಳು ಬರತೊಡಗಿದ ಮೇಲೆ ಮತ್ತೆ ಏರಿಸುವುದೇ ಕೆಲಸವಾಯಿತು. ಕಿರುತೆರೆಯ ಅತ್ತೆ ಕಾಫಿ ಕೇಳುವುದೂ ಕೂಗಿಕೊಂಡೇ.

2020ರ ಮಾರ್ಚ್‌ನಲ್ಲಿ ಚಿತ್ರೀಕರಣ ನಿಂತು ಎರಡು ತಿಂಗಳು ಮನೆಯಲ್ಲಿದ್ದಾಗ, ವರ್ಷದಿಂದ ಕೆರೆಯುತ್ತಿದ್ದ ಗಂಟಲು ತಾನಾಗಿ ತಿಳಿಯಾಯಿತು. ಆಗಲೇ ಅರ್ಥವಾಗಬೇಕಿತ್ತು, ಆಗಲಿಲ್ಲ. ಮರುವರ್ಷ ಎರಡನೆಯ ಅಲೆಯಲ್ಲಿ ಇಲ್ಲಿ ಮತ್ತೆ ಎಲ್ಲ ನಿಂತು, ಹಲವು ಕನ್ನಡ ಧಾರಾವಾಹಿಗಳ ತಂಡಗಳು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಗೆ ಹೋದವಲ್ಲ, ಅದರಲ್ಲಿ ನಮ್ಮದೂ ಒಂದು. ಕೈಯಲ್ಲಿ ಕಂತುಗಳಿಲ್ಲ, ಬೇಗ ಬೇಗ ಮಾಡಿಡಬೇಕು. ಬೆಳಗ್ಗೆ ಏಳರಿಂದ ರಾತ್ರಿಯವರೆಗೆ ಸೊಸೆಯನ್ನು ಬೈದೆ. ಊರಿಗೆ ಮರಳುವಾಗ ದನಿ ಒಡೆದ ಕಂಚಿನ ಹಾಗಿತ್ತು. ಜೇಷ್ಠಮಧು, ಕಾಳುಮೆಣಸು, ಬಿಸಿನೀರಿನ ಹಬೆ ಎಂದು ಇನ್ನೂ ಒಂದೂವರೆ ವರ್ಷ ಎಳೆದೆ. ವೈದ್ಯರ ಬಳಿಗೆ ಹೋಗಲಿಲ್ಲ, ಏಕೆಂದರೆ ಅವರು ಏನು ಹೇಳುತ್ತಾರೆಂದು ಗೊತ್ತಿತ್ತು.

ಅವರು ಅದನ್ನೇ ಹೇಳಿದರು. ಧ್ವನಿತಂತುವಿನ ಮೇಲೆ ಪಾಲಿಪ್, ಅಂದರೆ ಸಣ್ಣದೊಂದು ಗುಳ್ಳೆ. ಮಾತಾಡುವಾಗ ಹೆಂಗಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆಯಂತೆ. ಕೂಗಿದರೆ ತಾಗುವುದಲ್ಲ, ಬಡಿದುಕೊಳ್ಳುವುದು. "ಏನು ಕೆಲಸ ಮಾಡುತ್ತೀರಿ?" ಎಂದು ಕೇಳಿದರು. "ಬೈಯುವ ಕೆಲಸ" ಎಂದೆ. ಅವರು ನಗಲಿಲ್ಲ. ಅವರ ಮನೆಯಲ್ಲಿ ಧಾರಾವಾಹಿ ನೋಡುವುದಿಲ್ಲವೇನೋ.

2023ರ ಜನವರಿಯಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಬಾಯಿಯ ಮೂಲಕವೇ ಮಾಡುತ್ತಾರೆ, ಹೊರಗೆ ಗಾಯವಿಲ್ಲ. ಹಾಗಾಗಿ ನೋಡಿದವರು ಯಾರೂ ರೋಗಿ ಎನ್ನುವುದಿಲ್ಲ. ಆಮೇಲೆ ಕೆಲವು ದಿನ ಸಂಪೂರ್ಣ ಮೌನ, ಪಿಸುಗುಟ್ಟುವುದೂ ಕೂಡದು. ಮಗಳು ಒಂದು ಸ್ಲೇಟು ತಂದುಕೊಟ್ಟಳು. ತರಕಾರಿ ಅಂಗಡಿಯಲ್ಲಿ ಹಿರಿಯರೊಬ್ಬರು ನನ್ನನ್ನು ಗುರುತಿಸಿ, ಸೊಸೆಗೆ ನಾನು ಕೊಟ್ಟ ಕಾಟವನ್ನೆಲ್ಲ ಹತ್ತು ಜನರ ಎದುರು ಎಣಿಸಿದರು. ‘ಅದು ಪಾತ್ರ’ ಎಂದು ಸ್ಲೇಟಿನಲ್ಲಿ ಬರೆದು ತೋರಿಸಿದೆ. ಅವರು ಕನ್ನಡಕ ತಂದಿರಲಿಲ್ಲ.

ಈಗ ಮುಖ್ಯವಾದವರ ವಿಷಯಕ್ಕೆ ಬರುತ್ತೇನೆ. ನಾನು ಆಸ್ಪತ್ರೆಯಲ್ಲಿದ್ದಾಗ ನನ್ನ ಪಾತ್ರವನ್ನು ಇನ್ನೊಬ್ಬ ಕಲಾವಿದೆಗೆ ಕೊಟ್ಟರು. ದಿನವೂ ಪ್ರಸಾರವಾಗುವ ಕಥೆಯಲ್ಲಿ ಅತ್ತೆಯನ್ನು ಎಷ್ಟು ದಿನ ತೀರ್ಥಯಾತ್ರೆಗೆ ಕಳುಹಿಸಲಾದೀತು? ತಪ್ಪೇನಿಲ್ಲ. ಆದರೂ ‘ಇನ್ನು ಮುಂದೆ ಈ ಪಾತ್ರದಲ್ಲಿ’ ಎಂಬ ಅಕ್ಷರಗಳು ತೆರೆಯ ಕೆಳಗೆ ಬಂದ ಸಂಜೆ ನಾನು ಟಿವಿ ಆರಿಸಿ ಕತ್ತಲೆಯಲ್ಲಿ ಕುಳಿತಿದ್ದೆ. ನಾಲ್ಕು ವರ್ಷ ನಾನು ಓಡಾಡಿದ ಅಡುಗೆಮನೆಯಲ್ಲಿ, ನನ್ನದೇ ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬೇರೆಯವರು ನಿಂತಿದ್ದರು. ಅವರ ಮೇಲೆ ಸಿಟ್ಟು ಬಂತು. ಇದನ್ನು ಅವರಿಗೇ ಹೇಳಿದ್ದೇನೆ, ಹಾಗಾಗಿ ಇಲ್ಲಿಯೂ ಬರೆಯಬಹುದು.

ಮೂರನೆಯ ದಿನ ಅವರೇ ಫೋನು ಮಾಡಿದರು. ನನಗೆ ಮಾತಾಡಲಾಗದು ಎಂದು ಅವರಿಗೆ ಗೊತ್ತಿತ್ತು. "ಅಕ್ಕಾ, ಹೌದು ಎಂದರೆ ಫೋನಿನ ಮೇಲೆ ಒಂದು ಸಲ ಬಡಿಯಿರಿ, ಅಲ್ಲ ಎಂದರೆ ಎರಡು ಸಲ" ಎಂದರು. ಇಪ್ಪತ್ತು ನಿಮಿಷ ಅವರು ಪಾತ್ರದ ಬಗ್ಗೆ ಕೇಳಿದರು, ನಾನು ಬಡಿದೆ. ಈಕೆಗೆ ಹಿರಿಯ ಮಗನ ಮೇಲೆ ನಿಜಕ್ಕೂ ಪ್ರೀತಿಯಿದೆಯೇ? ಒಂದು. ಸೊಸೆಯನ್ನು ಕಂಡರೆ ದ್ವೇಷವೇ? ಎರಡು. ಹಾಗಾದರೆ ಹೆದರಿಕೆಯೇ? ನಾನು ತುಸು ಯೋಚಿಸಿ ಒಂದು ಬಡಿದೆ. ನಾಲ್ಕು ವರ್ಷದಲ್ಲಿ ಆ ಪಾತ್ರದ ಬಗ್ಗೆ ಅಷ್ಟು ಒಳ್ಳೆಯ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ, ನಾನೇ ಕೇಳಿಕೊಂಡಿರಲಿಲ್ಲ. ‘ಹಳೆಯ ಅತ್ತೆಯೇ ಚೆನ್ನಾಗಿದ್ದರು’ ಎಂದು ನೀವೆಲ್ಲ ಪ್ರೀತಿಯಿಂದ ಬರೆದಿರಿ. ನನಗೆ ಹಿತವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದನ್ನು ದಿನವೂ ಓದಿಕೊಂಡು ಬೆಳಗ್ಗೆ ಮೇಕಪ್ಪಿಗೆ ಕೂರುತ್ತಿದ್ದವರು ಅವರು. ಮೊದಲ ನಮಸ್ಕಾರ ಅವರಿಗೆ.

ಮೌನ ಮುಗಿದರೂ ಜೋರಾಗಿ ಮಾತಾಡುವಂತಿರಲಿಲ್ಲ. ಉಳಿತಾಯ ಕರಗುತ್ತಿತ್ತು. ಧಾರಾವಾಹಿಯಲ್ಲಿ ನಮಗೆ ದಿನದ ಲೆಕ್ಕದಲ್ಲಿ ಸಂಬಳ, ಹೋಗದ ದಿನಕ್ಕೆ ಏನೂ ಇಲ್ಲ. ಹಿಂದಿನ ಕೆಲಸದ ಹಣ ಬರಲು ತಿಂಗಳುಗಳಾಗುವುದು ಈ ಕ್ಷೇತ್ರದಲ್ಲಿ ಹೊಸದಲ್ಲ. ನಮ್ಮ ನಿರ್ಮಾಪಕರು ಮಾತ್ರ ನನ್ನ ಬಾಕಿಯನ್ನೆಲ್ಲ ಒಂದೇ ವಾರದಲ್ಲಿ ಕಳುಹಿಸಿದ್ದರು. ಅವರು ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿದರೆ ಉಳಿದವರೂ ಕೇಳುತ್ತಾರಂತೆ.

ಆಗ ಒಂದು ತೆಲುಗು ಧಾರಾವಾಹಿ ಬಂತು. ಅಲ್ಲಿ ಕನ್ನಡದ ಕಲಾವಿದೆಯರು ಬಹಳ ಮಂದಿ ಇದ್ದಾರೆ. ಕ್ಯಾಮೆರಾ ಹಿಂದೆ ಕುಳಿತವರು ಸಾಲನ್ನು ಓದಿ ಹೇಳುತ್ತಾರೆ, ನಾವು ಅದನ್ನು ಹಿಡಿದು ತುಟಿ ಆಡಿಸುತ್ತೇವೆ, ಆಮೇಲೆ ಡಬ್ಬಿಂಗ್ ಕಲಾವಿದರು ದನಿ ತುಂಬುತ್ತಾರೆ. ರಂಗಭೂಮಿಯಿಂದ ಬಂದ ಜಂಬದಲ್ಲಿ ನಾನು ಇದನ್ನು ಹಿಂದೆ ಎಷ್ಟು ಹೀಯಾಳಿಸಿದ್ದೆನೋ! ದನಿ ಇಲ್ಲದ ನಟನೆ ನಟನೆಯೇ ಎಂದು ಸಭೆಯೊಂದರಲ್ಲಿ ಭಾಷಣವನ್ನೂ ಮಾಡಿದ್ದೆ. ಈಗ ಅದೇ ನನ್ನ ಅನ್ನವಾಯಿತು. ಕಣ್ಣು ಕೆಂಪಾಗಿಸಿ, ಕತ್ತಿನ ನರ ಬಿಗಿಯದಂತೆ ಎಚ್ಚರವಹಿಸಿ, ಮೆಲುದನಿಯಲ್ಲಿ ಜಗಳವಾಡಿದೆ. ತೆರೆಯ ಮೇಲೆ ನೋಡಿದರೆ ನಾನು ಮನೆ ಹಾರಿಹೋಗುವಂತೆ ಗರ್ಜಿಸುತ್ತಿದ್ದೇನೆ!

ಕೊನೆಯ ದಿನ ಆ ದನಿಯನ್ನು ನೋಡಲೆಂದು ಡಬ್ಬಿಂಗ್ ಸ್ಟುಡಿಯೋಗೆ ಹೋದೆ. ನನ್ನ ಭುಜಕ್ಕೆ ಬರುವಷ್ಟು ಎತ್ತರ, ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಅವರಿಗೆ ಕನ್ನಡ ಬಾರದು, ನನ್ನ ತೆಲುಗು ತುಟಿಯವರೆಗೆ ಮಾತ್ರ. ಮಾತಿಗೆ ಮುಂಚೆ ನಾನು ಉಸಿರೆಳೆದುಕೊಳ್ಳುವ ಜಾಗವನ್ನು ನೋಡಿಕೊಂಡು, ಅಲ್ಲೇ ತಾನೂ ಎಳೆದುಕೊಳ್ಳುತ್ತೇನೆ ಎಂದು ಅಭಿನಯಿಸಿ ತೋರಿಸಿದರು. ನಾನು ಅವರ ಗಂಟಲು ಮುಟ್ಟಿ, ಜೋಪಾನ ಎಂದು ಕೈಸನ್ನೆ ಮಾಡಿದೆ. ಅವರು ನಕ್ಕು ಇನ್ನೊಂದು ಗುಟುಕು ನೀರು ಕುಡಿದರು. ಅವರ ಹೆಸರನ್ನು ಯಾವ ಪ್ರಶಸ್ತಿ ಸಮಾರಂಭದಲ್ಲೂ ಯಾರೂ ಕೂಗಿದ್ದು ನಾನು ಕೇಳಿಲ್ಲ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ವಾಕ್ ಶ್ರವಣ ಸಂಸ್ಥೆಯಲ್ಲಿ ನನಗೆ ಮತ್ತೆ ಮಾತು ಕಲಿಸಿದ ಹುಡುಗಿಗೆ ನನ್ನ ಮಗಳ ವಯಸ್ಸು. ಮೊದಲ ದಿನ ಲೋಟದ ನೀರಿಗೆ ಸ್ಟ್ರಾ ಇಟ್ಟು, ಗುಳುಗುಳು ಗುಳ್ಳೆ ಎಬ್ಬಿಸುತ್ತ ‘ಊ’ ಎನ್ನಲು ಹೇಳಿದಳು. ಮೂವತ್ತು ವರ್ಷ ನಟಿಸಿದವಳಿಗೆ ಅಳು ಬಂತು, ಆಮೇಲೆ ನಗು ಬಂತು. ಗುಳ್ಳೆ ಸಮವಾಗಿ ಬಂದರೆ ಉಸಿರು ಸಮವಾಗಿದೆ ಎಂದು ಲೆಕ್ಕ. ಕೂಗುವುದು ಬೇರೆ, ದನಿ ಮುಟ್ಟಿಸುವುದು ಬೇರೆ ಎಂದು ಅವಳು ಹೇಳಿದಾಗ ಹೆಗ್ಗೋಡಿನಲ್ಲಿ ಕೇಳಿದ್ದೆಲ್ಲ ನೆನಪಾಯಿತು. ಅಲ್ಲೂ ಅದನ್ನೇ ಕಲಿಸಿದ್ದರು. ನಾನು ಮರೆತದ್ದು ಧಾರಾವಾಹಿಯ ತಪ್ಪಲ್ಲ, ನನ್ನದು. ಥೆರಪಿ ಮುಗಿದ ದಿನ ಅವಳು, "ಮೇಡಂ, ನನ್ನ ಅಜ್ಜಿಗೆ ಒಂದು ಸಲ ಫೋನಿನಲ್ಲಿ ಬೈಯುತ್ತೀರಾ, ಮೆಲ್ಲಗೆ?" ಎಂದು ಕೇಳಿದಳು. ಬೈದೆ. ಅಜ್ಜಿಗೆ ಬಹಳ ಸಂತೋಷವಾಯಿತು.

ಹೊಸ ಧಾರಾವಾಹಿಯ ಸೆಟ್ಟಿನಲ್ಲಿ ನಾನು ಕೇಳದೆಯೇ ಗಂಟೆಗೊಮ್ಮೆ ಬಿಸಿನೀರು ಇಡುವ ಪ್ರೊಡಕ್ಷನ್ ಹುಡುಗರಿಗೆ, ನನ್ನ ದೃಶ್ಯಗಳನ್ನು ಬೆಳಗ್ಗೆಯೇ ಮುಗಿಸಿಬಿಡುವ ಸಹ ನಿರ್ದೇಶಕರಿಗೆ, ಶಾಟ್ ನಡುವೆ ನಾನು ಹರಟೆಗೆ ಕೂತರೆ ಬಾಯಿಗೆ ಬೆರಳಿಟ್ಟು ಗದರುವ ಮೇಕಪ್ಪಿನವರಿಗೆ ವಂದನೆ. ಸ್ಲೇಟು ತಂದುಕೊಟ್ಟವಳಿಗೆ ಇಲ್ಲಿ ಬರೆಯುವುದಿಲ್ಲ, ಅವಳು ಮುಜುಗರಪಡುತ್ತಾಳೆ.

ನಾಳೆ ಏಳಕ್ಕೆ ಕಾಲ್‌ಶೀಟ್. ದೃಶ್ಯದ ಹಾಳೆಯ ಫೋಟೋ ಈಗಷ್ಟೇ ಮೊಬೈಲಿಗೆ ಬಂತು. ನನಗೆ ಹದಿನಾಲ್ಕು ಸಾಲು. ಒಂದು ಕಡೆ ‘ಕಿರುಚುತ್ತಾಳೆ’ ಎಂದು ಅಚ್ಚಾಗಿದ್ದುದನ್ನು ಯಾರೋ ಪೆನ್ನಿನಲ್ಲಿ ಹೊಡೆದುಹಾಕಿ, ಪಕ್ಕದಲ್ಲಿ ‘ನೋಡುತ್ತಾಳೆ’ ಎಂದು ಬರೆದಿದ್ದಾರೆ. ಕೈಬರಹ ಯಾರದೆಂದು ಗುರುತು ಸಿಗುತ್ತಿಲ್ಲ. ಅವರಿಗೂ.