ಹೆದ್ದಾರಿ ಬದಿಯ ಜಮೀನಿನವರ ಗಮನಕ್ಕೆ

ಸದಸ್ಯರೇ, ಅಂಕೋಲಾ, ಕುಮಟಾ ಕಡೆ ಹೆದ್ದಾರಿ 66ಕ್ಕೆ ಇನ್ನಷ್ಟು ಜಾಗ ಹೋಗುತ್ತದೆ ಎಂಬ ಸಂದೇಶವನ್ನು ದಯವಿಟ್ಟು ಹಂಚುತ್ತಾ ಕೂರಬೇಡಿ. ಸರ್ವೆ ನಂಬರ್ ಇಲ್ಲದ ಸುದ್ದಿಗೆ ಬೆಲೆಯಿಲ್ಲ. ರಾಷ್ಟ್ರೀಯ ಹೆದ್ದಾರಿ ಕಾಯ್ದೆ, 1956ರ 3ಎ ಅಧಿಸೂಚನೆ (ಜಾಗ ತೆಗೆದುಕೊಳ್ಳುವ ಉದ್ದೇಶ ತಿಳಿಸುವುದು) ರಾಜಪತ್ರದಲ್ಲಿ ಬಂದರೆ, ಅಲ್ಲಿಂದ 21 ದಿನದೊಳಗೆ ಕಾರಣ ಸಹಿತ ಲಿಖಿತ ಆಕ್ಷೇಪಣೆ ಕೊಡಬೇಕು. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ. 3ಡಿ ಘೋಷಣೆ (ಸ್ವಾಧೀನದ ಅಂತಿಮ ಘೋಷಣೆ) ಪ್ರಕಟವಾದ ಮೇಲೆ ಜಮೀನು ಕೇಂದ್ರ ಸರಕಾರದ್ದು. ಆಮೇಲೆ ಮಾತೇನಿದ್ದರೂ ಪರಿಹಾರದ್ದು.

ನಮ್ಮಲ್ಲಿ ನಿಜವಾದ ತೊಡಕು ಪಹಣಿಯದು. ಅಜ್ಜ ತೀರಿಕೊಂಡು ಎಷ್ಟೋ ವರ್ಷವಾದರೂ ಖಾತೆ ಅವರ ಹೆಸರಿನಲ್ಲೇ ಇರುತ್ತದೆ, ಮೊಮ್ಮಕ್ಕಳಲ್ಲಿ ಅರ್ಧ ಜನ ಮುಂಬಯಿಯಲ್ಲಿ. (ಹಣ ಬರುವಾಗ ಎಲ್ಲರಿಗೂ ಊರು ನೆನಪಾಗುತ್ತದೆ, ಅದು ಬೇರೆ ಮಾತು.) ಪಾಲಿನ ತಕರಾರು ಎದ್ದರೆ ಪ್ರಕರಣ ಸಿವಿಲ್ ನ್ಯಾಯಾಲಯಕ್ಕೆ ಹೋಗಿ ಹಣ ಅಲ್ಲೇ ಕೊಳೆಯುತ್ತದೆ. ಪೌತಿ ಖಾತೆಯನ್ನು (ತೀರಿಕೊಂಡವರ ಖಾತೆ ವಾರಸುದಾರರ ಹೆಸರಿಗೆ) ಈಗಲೇ ಮಾಡಿಸಿಕೊಳ್ಳಿ.

ಅಳತೆಗೆ ಬಂದಾಗ ತೆಂಗಿನ ಮರ, ಬಾವಿ, ಪಾಗಾರ ಎಲ್ಲವೂ ಪಂಚನಾಮೆಯಲ್ಲಿ ಸೇರಿದೆಯೇ ಎಂದು ಓದಿ ಸಹಿ ಹಾಕಿ. 2013ರ ಭೂಸ್ವಾಧೀನ ಕಾಯ್ದೆಯ ಶೇ. 100 ಸೊಲೇಷಿಯಂ (ಪರಿಹಾರದಷ್ಟೇ ಹೆಚ್ಚುವರಿ ಹಣ) ಹೆದ್ದಾರಿಗೂ ಅನ್ವಯಿಸುತ್ತದೆ. ಮೊತ್ತ ಒಪ್ಪಿಗೆಯಾಗದಿದ್ದರೆ ಮಧ್ಯಸ್ಥಗಾರರ (ಆರ್ಬಿಟ್ರೇಟರ್) ಬಳಿ ಅರ್ಜಿ ಹಾಕಬಹುದು. ನೋಟಿಸ್ ಬಂದವರು ಅದರ ಫೋಟೋ ಇಲ್ಲಿ ಹಾಕಿ.