ರೋಬೊ ತಂದರಷ್ಟೇ ಸಾಲದು

ಡಿಮೆನ್ಶಿಯಾ (ನೆನಪು, ಯೋಚನಾಶಕ್ತಿ ಕುಂದುವ ಸ್ಥಿತಿ) ಇರುವವರ ಆರೈಕೆಗೆ ಒಡನಾಡಿ ರೋಬೊಗಳನ್ನು ತರುವ ಸಂಸ್ಥೆಗಳು ಅವುಗಳ ಬಳಕೆಯ ಕ್ರಮವನ್ನೂ ಮೊದಲೇ ನಿಗದಿಪಡಿಸಬೇಕು.

ಜಪಾನಿನ ‘ಪಾರೊ’ ಎಂಬ, ಸೀಲ್ ಎಂಬ ಕಡಲಪ್ರಾಣಿಯ ಮರಿಯಂತಿರುವ ರೋಬೊ ಸುಮಾರು 2.7 ಕಿಲೊ ತೂಗುತ್ತದೆ. ಸವರಿದರೆ, ಮಾತನಾಡಿಸಿದರೆ ಸ್ಪಂದಿಸುತ್ತದೆ. ಇದರಿಂದ ಕೆಲವರ ಚಡಪಡಿಕೆ ತಗ್ಗುವುದುಂಟು, ನಿಜವಾದ ಪ್ರಾಣಿಯೆಂದು ಬೆದರುವವರೂ ಉಂಟು. ಈ ರೋಬೊದ ತುಪ್ಪಳವನ್ನು ನೀರಿನಲ್ಲಿ ಅದ್ದಿ ತೊಳೆಯಲಾಗದು. ಕೈಯಿಂದ ಕೈಗೆ ದಾಟುವಾಗ ಸೋಂಕೂ ದಾಟಬಹುದು. ಮಾತನಾಡುವ ರೋಬೊಗಳದು ಬೇರೆಯೇ ತೊಡಕು. ಪದಕ್ಕಾಗಿ ತಡವರಿಸುವವರು ಕ್ಷಣ ನಿಂತರೆ ಮಾತು ಮುಗಿಯಿತೆಂದು ತಿಳಿದು ನಡುವೆಯೇ ಉತ್ತರಿಸಿಬಿಡುವುದುಂಟು. ಗಲಿಬಿಲಿ ಕಳೆಯಬೇಕಾದ ಯಂತ್ರವೇ ಅದನ್ನು ಹೆಚ್ಚಿಸಿದಂತೆ!

ಆದ್ದರಿಂದ ಆರೈಕೆದಾರರು ಜೊತೆಗಿದ್ದು 10–15 ನಿಮಿಷಗಳ ಅವಧಿಯಿಂದ ಆರಂಭಿಸಲಿ. ಬೇಡವೆಂದವರ ಮುಂದಿನಿಂದ ಕೂಡಲೇ ತೆಗೆಯಲಿ. ಪ್ರತಿ ಬಳಕೆಯ ನಂತರ ತಯಾರಕರ ಸೂಚನೆಯಂತೆ ಒರೆಸಿಡಲಿ. ಸಿಬ್ಬಂದಿ ಕಡಿತಕ್ಕಂತೂ ರೋಬೊ ನೆಪವಾಗದಿರಲಿ.