ಅರ್ಜಿ ಬರೆಯುವ ತಂಗಿಗೆ

ಸಂಡೂರು

ಪ್ರೀತಿಯ ತಂಗಿ,

ನಿನ್ನ ಕಾಗದ ಮೊನ್ನೆ ಬಂತು. ಎರಡು ಸಲ ಓದಿದೆ. ಪತ್ರಿಕೆಯ ಕೆಲಸ ಹೋಯಿತು, ಕತೆ ಎರಡು ಕಡೆಯಿಂದ ವಾಪಸ್ ಬಂತು, ಈಗ ಮಾನ್ವಿಯಲ್ಲಿ ತಾಲ್ಲೂಕು ಕಚೇರಿ ಹತ್ತಿರ ಸೋದರಮಾವನ ಝೆರಾಕ್ಸ್ ಅಂಗಡಿಯಲ್ಲಿ ಕೂತಿದ್ದೇನೆ ಅಂತ ಬರೆದಿದ್ದೀಯ. "ದಿನವಿಡೀ ಜನರ ಅರ್ಜಿ ಬರೀತೀನಿ ಅಣ್ಣಾ, ನನ್ನ ಕೈಯಲ್ಲಿದ್ದ ಕನ್ನಡ ಸತ್ತೇ ಹೋಯ್ತು" ಅನ್ನುವ ಸಾಲು ಓದಿ ತುಂಬಾ ಹೊತ್ತು ಸುಮ್ನೆ ಕೂತೆ.

ಕೆಲಸ ಹೋದದ್ದು ಒಳ್ಳೆಯದೇ ಆಯಿತು ಅಂತ ನಾನು ಹೇಳೋದಿಲ್ಲ. ಸಂಬಳ ನಿಂತ ಮನೆ ಹೇಗಿರುತ್ತದೆ ಅಂತ ನನಗೆ ಗೊತ್ತು. ಆದರೆ ಕನ್ನಡ ಸತ್ತಿತು ಅನ್ನುವ ಮಾತು ಮಾತ್ರ ಒಪ್ಪಲಾರೆ.

2011ರ ಜುಲೈನಲ್ಲಿ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಬಿತ್ತಲ್ಲ, ಆಗ ನಾನು ಒಂದು ಲಾರಿ ಆಫೀಸಿನಲ್ಲಿ ಗುಮಾಸ್ತ. ಅದಿರು ಸಾಗಿಸುವ ಲಾರಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಲಾರಿ ನಿಂತ ಮೇಲೆ ಲೆಕ್ಕ ಎಲ್ಲಿಯದು? ಒಂದೇ ತಿಂಗಳಲ್ಲಿ ಮನೆ ಸೇರಿದೆ. ಆಮೇಲೆ ಚಾಲಕರು ಒಬ್ಬೊಬ್ಬರಾಗಿ ಬರತೊಡಗಿದರು. ಸಾಲ ಮಾಡಿ ಲಾರಿ ತಗೊಂಡವರು. ಕಂತು ಕಟ್ಟಲು ಇನ್ನಷ್ಟು ದಿನ ಕೊಡಿ ಅಂತ ಫೈನಾನ್ಸಿನವರಿಗೆ ಅರ್ಜಿ ಬರೆದುಕೊಡಬೇಕಿತ್ತು. ಒಂದು ಅರ್ಜಿಗೆ ಇಪ್ಪತ್ತು ರೂಪಾಯಿ ತಗೊಳ್ಳುತ್ತಿದ್ದೆ.

ಅವರಲ್ಲಿ ಒಬ್ಬ ಹಿರಿಯನಿಗೆ "ಸದರಿ ವಾಹನವು ಕೆಲಸವಿಲ್ಲದೆ ನಿಂತಿದ್ದು" ಅಂತ ಬರೆದು ಓದಿ ಹೇಳಿದೆ. ಆತ ತಲೆ ಅಲ್ಲಾಡಿಸಿದ. "ಅಷ್ಟೇ ಬರದ್ರ ಅವ್ರಿಗೆ ತಿಳಿಯಂಗಿಲ್ರಿ. ಟೈರಿನ ಬುಡಕ್ಕ ಹುಲ್ಲು ಬೆಳದೈತಿ ಅಂತ ಬರೀರಿ" ಅಂದ. ಅರ್ಜಿಯಲ್ಲಿ ಅದನ್ನು ಬರೆಯಲು ನನಗೆ ಧೈರ್ಯ ಬರಲಿಲ್ಲ. ಆತ ಹೋದ ಮೇಲೆ ಹಳೇ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟೆ. ನನ್ನ ಮೊದಲು ಅಚ್ಚಾದ ಕತೆ ಶುರುವಾಗುವುದೇ ಆ ಹುಲ್ಲಿನಿಂದ. ಅದಕ್ಕೂ ಮೊದಲು ಏಳು ವರ್ಷ ನಾನು ನೋಡದ ಊರುಗಳ ಬಗ್ಗೆ, ನೋಡದ ಮಳೆಗಾಲದ ಬಗ್ಗೆ ಬರೆದಿದ್ದೆ. ಒಂದೂ ಅಚ್ಚಾಗಿರಲಿಲ್ಲ.

ಅರ್ಜಿ ಇನ್ನೊಂದನ್ನೂ ಕಲಿಸಿತು. ಒಂದೇ ಹಾಳೆಯಲ್ಲಿ ಯಾರು, ಏನಾಯಿತು, ಏನು ಬೇಕು, ಅಷ್ಟೂ ಬರಬೇಕು. ಒಂದು ಮಾತು ಜಾಸ್ತಿಯಾದರೆ ಸಾಹೇಬರು ಓದುವುದಿಲ್ಲ. ಒಂದು ಮಾತು ಬಿಟ್ಟರೆ ಬಡವನ ಕೆಲಸ ಆಗುವುದಿಲ್ಲ. ನೀನು ದಿನಾ ಮಾಡುತ್ತಿರುವುದು ಅದನ್ನೇ, ಅಲ್ವಾ? ನಿನ್ನ ವಾಕ್ಯಗಳು ಆಗಲೇ ಬಿಗಿಯಾಗಿವೆ. ಈ ಸಲದ ಕಾಗದದಲ್ಲೇ ಅದು ಕಾಣಿಸುತ್ತದೆ.

ನಿಮ್ಮ ರಾಯಚೂರು ಸೀಮೆಯನ್ನೇ ನೋಡು. 1948ರವರೆಗೆ ನಿಜಾಮರ ಆಳ್ವಿಕೆ. ಶಾಲೆಯಲ್ಲಿ ಉರ್ದು, ಕಚೇರಿಯಲ್ಲಿ ಉರ್ದು. ಮನೆಯಲ್ಲಿ ಕನ್ನಡ ಆಡುವ ಮಕ್ಕಳಿಗೆ ಅದೆಷ್ಟು ಕಷ್ಟ ಆಗಿರಬೇಕು! ಆ ನೆಲದ ಕವಿ ಶಾಂತರಸರು ಅದೇ ಉರ್ದುವಿನ ಗಜಲನ್ನು ಕನ್ನಡದಲ್ಲಿ ಬರೆದರು. ಇವತ್ತು ನಿಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಗಜಲ್ ಬರೆಯುತ್ತಾರೆ ಅಂತ ನನಗಿಂತ ನಿನಗೇ ಚೆನ್ನಾಗಿ ಗೊತ್ತು.

ಇನ್ನು ಹೊಟ್ಟೆಪಾಡಿನ ಮಾತು. ನಿನಗೆ ತೆಲುಗು ಓದಲು ಬರುತ್ತದೆ, ಉರ್ದು ಮಾತು ತಿಳಿಯುತ್ತದೆ. ಇದು ದೊಡ್ಡ ಬಂಡವಾಳ. ಹತ್ತಿ ಬೀಜದ, ಗೊಬ್ಬರದ ಕರಪತ್ರಗಳ ಕನ್ನಡ ಓದಿದ್ದೀಯಾ? ರೈತನಿಗೆ ತಿಳಿಯುವ ಹಾಗೆ ನಾಲ್ಕು ಸಾಲು ತಿದ್ದಿ ಬರೆದು, ಬೀಜದ ಅಂಗಡಿಯವರಿಗೆ ತೋರಿಸು. ಕೆಲಸ ಸಿಕ್ಕರೆ ಅರ್ಧ ದುಡ್ಡು ಮೊದಲೇ ಕೇಳು, ನಾಚಿಕೊಳ್ಳಬೇಡ. ಪ್ರಬಂಧಗಳ ಕರಡು ತಿದ್ದುವ ಕೆಲಸವೂ ಇರುತ್ತದೆ. ಎಂಟು ಹತ್ತು ಕತೆ ಆದ ಮೇಲೆ ಕನ್ನಡ ಪುಸ್ತಕ ಪ್ರಾಧಿಕಾರದ ಪ್ರಕಟಣೆ ಗಮನಿಸು. ಮೊದಲ ಪುಸ್ತಕ ತರುವ ಯುವ ಬರಹಗಾರರಿಗೆ ಅವರು ಧನಸಹಾಯ ಕೊಡುತ್ತಾರೆ.

ಒಂದು ಎಚ್ಚರಿಕೆ ಮಾತ್ರ. ನಿನ್ನ ಮುಂದೆ ಕೂತವರು ನಂಬಿ ಕಷ್ಟ ಹೇಳಿಕೊಂಡಿರುತ್ತಾರೆ. ಅವರ ಹೆಸರು, ಊರು, ಸರ್ವೆ ನಂಬರ್ ಕತೆಯೊಳಗೆ ಬರಬಾರದು. ಅಂಗಡಿಗೆ ಬಂದ ಕಾಗದದ ಫೋಟೊ ತೆಗೆದಿಟ್ಟುಕೊಳ್ಳಲೂಬೇಡ. ನೆನಪಿನಲ್ಲಿ ಉಳಿದದ್ದಷ್ಟೇ ಸಾಕು.

ಕಾಗದದ ಕೊನೆಗೆ ಒಬ್ಬ ಅಜ್ಜಿಯ ಬಗ್ಗೆ ಎರಡು ಸಾಲು ಬರೆದಿದ್ದೀಯ. ಪಹಣಿಯಲ್ಲಿ ಹೆಸರು ತಪ್ಪಾಗಿದೆ, ಪ್ರತಿ ಸೋಮವಾರ ಬರುತ್ತಾಳೆ, ಹಳೇ ಕಂದಾಯ ರಸೀದಿ ಸೆರಗಿನ ತುದಿಗೆ ಕಟ್ಟಿಕೊಂಡಿರುತ್ತಾಳೆ ಅಂತ. ಅಷ್ಟಕ್ಕೇ ಯಾಕೆ ನಿಲ್ಲಿಸಿದೆ? ಆ ಗಂಟು ಬಿಚ್ಚಲು ಆಕೆಗೆ ಎಷ್ಟು ಹೊತ್ತು ಬೇಕು? ಊರಲ್ಲಿ ಆಕೆಯನ್ನು ಏನಂತ ಕರೆಯುತ್ತಾರೆ? ಬರುವ ಸೋಮವಾರ ಆಕೆ ಬಂದಾಗ ಮೊದಲು ಚಹಾ ತರಿಸಿ ಕೊಡು, ಅರ್ಜಿಯ ಕೆಲಸ ಮುಗಿಸು, ಆಮೇಲೆ ಮಾತಾಡಿಸು. ದೀಪಾವಳಿಯ ಒಳಗೆ ಆ ಕತೆ ನನ್ನ ಕೈಗೆ ಬರಲಿ.

ಇಂತಿ,
ನಿನ್ನ ಅಣ್ಣ